ಮೆಲ್ಲಗೆ ಕೇಳಿದ್ದು

ಅಕ್ಕಲಕೋಟೆಯಿಂದ ಸೋಲಾಪುರಕ್ಕೆ ಹೊರಟ ಸಂಜೆಯ ಬಸ್ಸಿನಲ್ಲಿ, ಮುಂದಿನ ಸೀಟಿನ ಕಾಲೇಜು ಹುಡುಗಿಯರು ಮೊಬೈಲಿನಲ್ಲಿ ಹೊಸ ಹಾಡು ಹಾಕಿದ್ದರು.

"ಮಾತಿಲ್ಲ, ಅರ್ಥ ಇಲ್ಲ. ಬರೇ ಧಡಧಡ," ಎಂದು ಗುರುನಾಥ ಗೊಣಗಿದ.

ಪಕ್ಕದಲ್ಲಿದ್ದಾಕೆ ಕಿಟಕಿಯಿಂದ ಮುಖ ತಿರುಗಿಸಿ, ಅವನ ನರೆತ ಮೀಸೆಯನ್ನೇ ಒಂದು ಕ್ಷಣ ನೋಡಿದಳು.

"ಹಾಡು ಕೆಟ್ಟಿಲ್ರಿ. ನಮಗ ವಯಸ್ಸಾಗೇದ."

ಪರಿಚಯವಾದದ್ದು ಹಾಗೆ. ಶೈಲಶ್ರೀ ಅಕ್ಕಲಕೋಟೆಯ ಕನ್ನಡ ಶಾಲೆಯ ಟೀಚರು, ನಲವತ್ತನಾಲ್ಕಾದರೂ ಮದುವೆಯಾಗಿರಲಿಲ್ಲ. ಗುರುನಾಥ ಇಪ್ಪತ್ತು ವರ್ಷ ಮನೆಯ ಪವರ್‌ಲೂಮ್ ಕಾರಖಾನೆ ನೋಡಿಕೊಂಡು, ಹೆಂಡತಿ ತೀರಿಕೊಂಡ ಮೇಲೆ ಅಕ್ಕಲಕೋಟೆಯ ಟವೆಲ್ ಅಂಗಡಿಯಲ್ಲಿ ಬಂದು ಕೂತವನು. ದಿನಾ ಸಂಜೆ ಸೋಲಾಪುರದ ಮನೆಗೆ ಮರಳುವಾಗ ಇಬ್ಬರೂ ದಣಿದಿರುತ್ತಿದ್ದರು. ಆದರೂ ಬಸ್ಸಿನ ಆ ಒಂದು ತಾಸು ಹಾಡಿನ ಜಗಳ ತಪ್ಪುತ್ತಿರಲಿಲ್ಲ. ಶಾಲೆಯ ಮಕ್ಕಳು ಹಾಡುವ ಹೊಸ ಹಾಡಿನ ಸಾಲುಗಳನ್ನು ಅವಳು ಬರೆದು ತಂದು ತೋರಿಸುವಳು. ಅವನು ಓದಿ, ಚೆನ್ನಾಗಿವೆ, ಆದರೆ ಇವು ಹಾಡಿನಲ್ಲಿ ಎಲ್ಲಿವೆ ಎಂದು ಕೇಳುವನು. ಅವಳು ಓರೆಗಣ್ಣಲ್ಲಿ ನೋಡಿ, ನಗು ತಡೆಯಲು ತುಟಿ ಕಚ್ಚುವಳು.

ಒಂದು ಸಂಜೆ ಬಸ್ಸು ವಳಸಂಗ ಊರು ದಾಟುವಾಗ, ಸೆರಗಿನ ತುದಿ ನೋಡುತ್ತ ಅವಳು ಮೆಲ್ಲಗೆ ಏನೋ ಕೇಳಿದಳು. ಇದೂ ಹಾಡಿನ ಮಾತೇ ಇರಬೇಕೆಂದು ಗುರುನಾಥ ನಕ್ಕ. "ಬ್ಯಾಡ ಬಿಡ್ರಿ, ಈ ವಯಸ್ಸಿನ್ಯಾಗ ಅದೆಲ್ಲ ಯಾಕ."

ಮರುದಿನದಿಂದ ಅವಳು ಮುಂದೆ ಹೆಂಗಸರ ಸೀಟಿನಲ್ಲಿ ಕೂತಳು. ಮೂರು ವಾರ ಒಮ್ಮೆಯೂ ತಿರುಗಿ ನೋಡಲಿಲ್ಲ. ತನ್ನ ಗೊಣಗಾಟಕ್ಕೆ ಬೇಸತ್ತಿರಬೇಕು ಎಂದುಕೊಂಡ ಅವನು. ಎದ್ದು ಹೋಗಿ ಕೇಳುವಷ್ಟು ತ್ರಾಣ ಅವನಲ್ಲಿರಲಿಲ್ಲ.

ಮನೆಯಲ್ಲಿ ಅವನು ಇಡುವ ಟಿವಿ ಸದ್ದಿಗೆ ರೋಸಿ, ತಮ್ಮನ ಮಗಳು ಮಯೂರಿ ಅವನನ್ನು ಕಿವಿ ಡಾಕ್ಟರ ಬಳಿ ಕರೆದೊಯ್ದಳು. ಮಗ್ಗಗಳ ನಡುವೆ ವರ್ಷಗಟ್ಟಲೆ ನಿಂತು ಕಿವಿ ಸೋತಿದೆ ಎಂದರು ಡಾಕ್ಟರು. ದಪ್ಪ ಸದ್ದು ಮುಟ್ಟುತ್ತದೆ, ಮೆಲುಮಾತು ಮುಟ್ಟುವುದಿಲ್ಲ. ಗುರುನಾಥನಿಗೆ ವಳಸಂಗದ ಆ ಸಂಜೆ ನೆನಪಾಯಿತು. ಅವಳು ಕೇಳಿದ್ದು ಹಾಡಿನ ಮಾತಾಗಿರಲಿಕ್ಕಿಲ್ಲ.

ಮರುದಿನ ಶಾಲೆ ಬಿಡುವ ಹೊತ್ತಿಗೆ ಗೇಟಿನ ಬಳಿ ನಿಂತು ಅವಳಿಗೆ ಎಲ್ಲ ಹೇಳಿದ.

"ಹಾಡಿನ್ಯಾಗ ಮಾತ್ ಇದ್ವಂತ್ರಿ. ನೀವ ಗೆದ್ರಿ."

"ಗೆದ್ದು ಏನ್ ಮಾಡ್ಲಿ," ಎಂದಳು ಅವಳು ನೆಲ ನೋಡುತ್ತ.

"ಆವತ್ತ ಏನ್ ಕೇಳಿದ್ರಿ?"

"ಅದನ್ನ ಮತ್ತ ಕೇಳೂ ತಾಕತ್ ನನ್ನಲ್ಲಿ ಇಲ್ರಿ ಸಾವ್ಕಾರ. ಸಾಕಾಗೇದ."

"ಹಂಗಾದ್ರ ನಾನ ಕೇಳ್ತೀನಿ. ನನ್ನ ಜೋಡಿ ಲಗ್ನ ಆಗ್ತೀರೇನು?"

ಅವಳು ಕಣ್ಣೆತ್ತಿದಳು. ಮೂರು ವಾರದ ಸಿಟ್ಟು ಅಲ್ಲಿ ಇನ್ನೂ ತುಸು ಉಳಿದಿತ್ತು. ಹತ್ತಿರ ಬಂದು, ಅವನ ಕಿವಿಗೆ ಬಾಗಿ, "ಆವತ್ತ ನಾನೂ ಇದನ್ನ ಕೇಳಿದ್ದೆ. ಆಗ್ತೀನಿ," ಎಂದಳು.

ಒಂದೊಂದು ಅಕ್ಷರವೂ ಕೇಳಿಸಿತ್ತು. ಆದರೂ ಗುರುನಾಥ, "ಇನ್ನೊಮ್ಮೆ ಹೇಳ್ರಿ," ಎಂದ.