ಲಾಬಾಸ್ ಅನ್ನಬೇಡ

ಸ್ಟ್ರೆಚರ್ ಮೇಲೆ ಬಂದವನ ಮುಖ ನೋಡಿ ಡಾಕ್ಟರ್ ಇಜ್ಜಾ ಕೈಲಿದ್ದ ಫೈಲು ಬಿಟ್ಟು ಓಡಿಬಂದಳು.

ಬಾಸ್ಸು!

ಹೋದ ಶುಕ್ರವಾರ ರೂಢಿಯಂತೆ ಸಕ್ಕರೆ ಅಚ್ಚು ಹಿಡಿದು ಅವಳ ಮನೆಗೆ ಹೆಣ್ಣು ಕೇಳಲು ಬರಬೇಕಿದ್ದವನು. ಅಮ್ಮ ಕಾಸಿಟ್ಟ ಪುದೀನ ಚಹಾ ಆರಿಹೋದರೂ ಬರಲಿಲ್ಲ. ಫೋನ್ ಮಾಡಿ ಹೇಗಿದ್ದೀಯ ಎಂದರೆ "ಲಾಬಾಸ್" ಎಂದು ಇಟ್ಟುಬಿಟ್ಟ. ಅಂದರೆ ಏನೂ ತೊಂದರೆಯಿಲ್ಲವಂತೆ. ಈ ಖೆನಿಫ್ರಾ ಊರಿನಲ್ಲಿ ಸಾಯುತ್ತಿರುವವನೂ ಕೊಡುವ ಉತ್ತರ ಅದೇ ಎಂಬುದು ಅವಳಿಗೆ ಆಗ ಹೊಳೆಯಲೇ ಇಲ್ಲ. 'ತೊಂದರೆಯಿಲ್ಲದೆಯೂ ಬರಲಿಲ್ಲ ಎಂದರೆ... ಮನಸ್ಸೇ ಇಲ್ಲ' ಎಂದು ದಿಂಬು ತೋಯಿಸಿದ್ದಳು.

ಈಗ ಜೊತೆಗೆ ಬಂದಿದ್ದ ಅವನ ಚಿಕ್ಕಪ್ಪ ಹೇಳಿದ. ಅದೇ ಶುಕ್ರವಾರ ಬೆಳಗ್ಗೆ ಸವಾರಿ ಅಭ್ಯಾಸದಲ್ಲಿ ಕುದುರೆ ಮುಗ್ಗರಿಸಿ, ಜೀನಿನ ಮುಂಭಾಗದ ಕೊಂಬು ಇವನ ಹೊಟ್ಟೆಗೆ ಬಡಿದಿತ್ತು. ಕೇಳಿದವರಿಗೆಲ್ಲ ಲಾಬಾಸ್ ಎನ್ನುತ್ತಾ ಮಲಗಿದ್ದವನು ಇಂದು ಕುಸಿದು ಬಿದ್ದನಂತೆ.

"ಹೇಗಿದ್ದೀಯ?"

"ಲಾಬಾಸ್..."

"ನಾಲಿಗೆ ಕಿತ್ತುಬಿಡ್ತೀನಿ. ಎಲ್ಲಿ ನೋವು, ಅದನ್ನ ಹೇಳು."

"ಬೆನ್ನಲ್ಲಿ. ಎರಡೂ ಕಡೆ. ಎದ್ರೆ ಕಣ್ಣು ಕತ್ತಲೆ ಬರುತ್ತೆ."

ಇಜ್ಜಾ ಸ್ಕ್ಯಾನ್ ಮಾಡಿಸಿ ನೋಡಿದಳು. ಮೂತ್ರಪಿಂಡಗಳ ಮೇಲೆ ಟೋಪಿಯಂತೆ ಕೂತಿರುವ ಅಡ್ರಿನಲ್ ಗ್ರಂಥಿಗಳೆರಡರಲ್ಲೂ ರಕ್ತ ತುಂಬಿತ್ತು. ಒಸರುವುದೇನೋ ನಿಂತಿತ್ತು, ಆದರೆ ಬಿಪಿ ಹಿಡಿದಿಡುವ ಹಾರ್ಮೋನೇ ಬತ್ತಿಹೋಗಿತ್ತು. ಸಲೈನ್ ಏರಿಸಿದರೂ ಬಿಪಿ ಇಳಿಯುತ್ತಲೇ ಇತ್ತು. ರಕ್ತ ಪರೀಕ್ಷೆಯ ಫಲಿತಾಂಶಕ್ಕೆ ಕಾಯದೆ ಅವಳು ಆ ಹಾರ್ಮೋನಿನ ಬದಲಿಗೆ ಕೊಡುವ ಸ್ಟೀರಾಯ್ಡ್ ಚುಚ್ಚಿದಳು.

ಆಮೇಲೆ ಕೂರಲಾಗಲಿಲ್ಲ, ನಿಲ್ಲಲಾಗಲಿಲ್ಲ. ಕಿಟಕಿಗೆ ಹೋಗುವಳು, ಮತ್ತೆ ಬಂದು ಬಿಪಿ ನೋಡುವಳು. ಸ್ವಲ್ಪ ಕೂತ್ಕೊಳ್ಳಿ ಡಾಕ್ಟ್ರೇ ಎಂದು ನರ್ಸ್ ಗದರಿದರೂ ಕೇಳಲಿಲ್ಲ. 'ನಾನು ಡಾಕ್ಟರಾಗಿಯೂ ಆ ಒಂದು ಮಾತು ನಂಬಿ ಮುನಿಸಿಕೊಂಡು ಕೂತೆನಲ್ಲಾ... ಇವನು ಹೋದರೆ?'

ಸಂಜೆಯ ಹೊತ್ತಿಗೆ ಬಿಪಿ ಏರಿ ನಿಂತಿತು. ಬಾಸ್ಸು ಕಣ್ಣು ಬಿಟ್ಟ.

"ಆವತ್ತೇ ಯಾಕೆ ಹೇಳ್ಲಿಲ್ಲ?"

"ಕುದುರೆ ಮೇಲೆ ಪೆಟ್ಟು ತಿಂದೋನಿಗೆ ಮಗಳನ್ನ ಕೊಡಿ ಅಂದ್ರೆ ನಿಮ್ಮಪ್ಪ ನಗಲ್ವಾ?"

"ಅದಕ್ಕೆ ಸಾಯೋಕೆ ಹೊರಟಿದ್ಯಾ? ಈಗ ಹೇಳು, ಹೇಗಿದ್ದೀಯ?"

ಅವನ ತುಟಿ 'ಲಾ' ಎಂದು ತೆರೆದು ನಿಂತಿತು.

"ನೋಯ್ತಿದೆ, ಇಜ್ಜಾ. ನೀನು ಹತ್ರ ಕೂತ್ರೆ ಸ್ವಲ್ಪ ಕಮ್ಮಿ."

ಅವಳು ಸ್ಟೂಲ್ ಎಳೆದು ಕುಳಿತಳು. ಸಕ್ಕರೆ ತರುವಾಗ ಕುದುರೆ ಬೇಡ, ಬಸ್ಸಲ್ಲೇ ಬಾ ಎಂದಳು. ಅವನು ನಕ್ಕು, ನೋವಿಗೆ ಮುಖ ಕಿವುಚಿದ.

"ನಾನು ಬರಲಿಲ್ವಲ್ಲ... ಆ ಶುಕ್ರವಾರ, ನೀನು ಹೇಗಿದ್ದೆ?"

"ಲಾಬಾಸ್" ಎಂದ ಇಜ್ಜಾ ಅವನ ಅಂಗೈಯಲ್ಲಿ ಮುಖವಿಟ್ಟು ಅತ್ತುಬಿಟ್ಟಳು.

"ಸುಳ್ಳಿ" ಎಂದ ಬಾಸ್ಸು, ಕೈ ಎಳೆದುಕೊಳ್ಳದೆ.