ಬಲಗಡೆಯ ಚುಕ್ಕಿಗಳು

ಟಿಕ್... ಟಿಕ್... ಟಿಕ್...

ನಲ್ಲಿ ಸೋರುತ್ತಿರಬೇಕು ಎಂದುಕೊಂಡು ಅವಳು ಮಗ್ಗುಲು ಬದಲಿಸಿದಳು. ರಾತ್ರಿ ಹನ್ನೆರಡು ದಾಟಿತ್ತು. ಹಳೆಯ ವಿದ್ಯಾರ್ಥಿಗಳ ಸಮಾವೇಶಕ್ಕೆ ಬಂದಿದ್ದ ಹೆಂಗಸರಿಗೆಲ್ಲ ಪ್ರಾಣಿಶಾಸ್ತ್ರ ವಿಭಾಗದ ದೊಡ್ಡ ತರಗತಿಯಲ್ಲೇ ಮಲಗಲು ವ್ಯವಸ್ಥೆ ಮಾಡಿದ್ದರು. ಬೆಂಚುಗಳನ್ನು ಗೋಡೆಗೆ ಒತ್ತರಿಸಿ ನೆಲದ ಮೇಲೆ ಸಾಲಾಗಿ ಹನ್ನೊಂದು ಹಾಸಿಗೆ. ಪಕ್ಕದ ಹಾಸಿಗೆಯಲ್ಲಿದ್ದ ಅವಳ ಪ್ರಾಣಸ್ನೇಹಿತೆ, ಕಾಲೇಜಿನ ದಿನಗಳಿಂದಲೂ ಎಲ್ಲರೂ 'ರೇಡಿಯೋ' ಎಂದೇ ಕರೆಯುವವಳು, ಕೊನೆಗೂ ಮಾತು ನಿಲ್ಲಿಸಿ ಗೊರಕೆ ಶುರುಮಾಡಿದ್ದಳು.

ಟಿಕ್... ಟಿಕ್...

ಇಲ್ಲ, ನಲ್ಲಿಯಲ್ಲ. ನಲ್ಲಿ ನಾಲ್ಕು ಹನಿ ಬಿಟ್ಟು, ಯೋಚಿಸಿ, ಮತ್ತೆರಡು ಬಿಡುವುದಿಲ್ಲ!

ಅವಳು ಎದ್ದು ಕುಳಿತಳು. ಹಲಗೆಯ ಗೋಡೆಯ ಆಚೆ ಪ್ರಯೋಗಾಲಯ. ಅಲ್ಲಿ ಯಾರೋ ಚೂಪಾದ ಪೆನ್ಸಿಲ್ಲಿನಿಂದ ಕಾಗದದ ಮೇಲೆ ಚುಕ್ಕಿ ಇಡುತ್ತಿದ್ದಾರೆ. ಒಂದೊಂದೇ...

ಹಾಗೆ ಚುಕ್ಕಿ ಇಡುವ ಕೈ ಅವಳಿಗೆ ಗೊತ್ತಿದ್ದದ್ದು ಒಂದೇ. ಆ ಸದ್ದು ಕೇಳಿ ಇಪ್ಪತ್ತೆರಡು ವರ್ಷಗಳಾಗಿದ್ದವು.

'ಹೋಗಬೇಡ' ಎಂದಿತು ಮನಸ್ಸು. ಕಾಲು ಮಾತು ಕೇಳಲಿಲ್ಲ.

ಪ್ರಯೋಗಾಲಯದ ಬಾಗಿಲು ಅರ್ಧ ತೆರೆದಿತ್ತು. ಒಳಗಿನಿಂದ ಫಾರ್ಮಲಿನ್ನಿನ ಅದೇ ಕಟು ವಾಸನೆ. ಕಪ್ಪೆ ಮುಳುಗಿಸಿಟ್ಟ ಗಾಜಿನ ಜಾಡಿಗೆ ಮೊಬೈಲ್ ಒರಗಿಸಿಟ್ಟು, ಅದರ ಬೆಳಕಿನಲ್ಲಿ ಅವನು ಸ್ಟೂಲಿನ ಮೇಲೆ ಬಾಗಿ ಕುಳಿತಿದ್ದ. ಕಿವಿಯ ಹಿಂದೆ ಎರಡನೆಯ ಪೆನ್ಸಿಲ್. ಕೂದಲು ಅರ್ಧ ಬೆಳ್ಳಗಾಗಿತ್ತು. ಉಗುರುಗಳ ಸಂದಿಯಲ್ಲಿ ನೀಲಿ ಬಣ್ಣ.

"ಒಳಗೆ ಬಾ, ಇಣುಕಿ," ಎಂದ ಅವನು, ತಲೆ ಎತ್ತದೆಯೇ. "ಸಂದಿಯಿಂದ ನೋಡೋ ಚಾಳಿ ಇನ್ನೂ ಬಿಟ್ಟಿಲ್ವಾ?"

ಇಣುಕಿ! ಸದಾ ಸೂಕ್ಷ್ಮದರ್ಶಕದೊಳಗೆ ಕಣ್ಣಿಟ್ಟಿರುತ್ತಿದ್ದ ಅವಳಿಗೆ ಅವನೇ ಇಟ್ಟ ಹೆಸರು. ಈಗಲೂ ಅವಳ ಕೆಲಸ ಅದೇ, ಆಸ್ಪತ್ರೆಯ ರಕ್ತಪರೀಕ್ಷೆಯ ಲ್ಯಾಬಿನಲ್ಲಿ. ಹೆಸರು ಮಾತ್ರ ಅವನೊಂದಿಗೇ ಹೋಗಿಬಿಟ್ಟಿತ್ತು.

ಸಂಜೆ ಅವನು ಏಣಿ ಹತ್ತಿ ಸಮಾವೇಶದ ಬ್ಯಾನರ್ ಕಟ್ಟುತ್ತಿದ್ದಾಗ ಒಮ್ಮೆ ಕಣ್ಣು ಕೂಡಿತ್ತು. ಅವನು ತಲೆಯಾಡಿಸಿದ್ದ. ಅವಳು ಕೈಚೀಲದಲ್ಲಿ ಏನೋ ಹುಡುಕುವವಳಂತೆ ಮುಖ ಹುದುಗಿಸಿದ್ದಳು.

"ನೀನು... ಈ ಹೊತ್ತಲ್ಲಿ ಏನ್ ಮಾಡ್ತಿದೀಯ?"

"ಜಿರಳೆಗೆ ಹಲ್ಲು ಕಟ್ತಿದೀನಿ."

ಅವಳು ಹತ್ತಿರ ಹೋಗಿ ನೋಡಿದಳು.

ಅದು ಅವಳ ರೆಕಾರ್ಡ್ ಪುಸ್ತಕ! ಕಾಲೇಜಿನ ಗಾಜಿನ ಪೆಟ್ಟಿಗೆಯಲ್ಲಿ ಇಪ್ಪತ್ತೆರಡು ವರ್ಷಗಳಿಂದ 'ಅತ್ಯುತ್ತಮ ದಾಖಲೆ' ಎಂಬ ಚೀಟಿಯೊಂದಿಗೆ ಕುಳಿತಿದ್ದ ಪುಸ್ತಕ. ತೆರೆದಿದ್ದ ಪುಟದಲ್ಲಿ ಜಿರಳೆಯ ಬಾಯಿಯ ಭಾಗಗಳು. ಎಡಗಡೆಯ ದವಡೆ, ಮೀಸೆ, ತುಟಿ ಎಲ್ಲ ಈಗಲೋ ಆಗಲೋ ಅಲ್ಲಾಡುವಂತಿದ್ದವು. ಬಲಗಡೆ ನಾಲ್ಕು ಹೊಸ ಚುಕ್ಕಿ ಬಿಟ್ಟರೆ ಖಾಲಿ.

"ಚಾವಣಿ ಸೋರಿ ಪೆಟ್ಟಿಗೆ ಒಳಗೆ ನೀರು ಇಳಿದಿದೆ," ಎಂದ ಅವನು. "ಅಟೆಂಡರ್ ತಾತ ಒದ್ದೆ ಆಯ್ತು ಅಂತ ಬಟ್ಟೆಯಲ್ಲಿ ಒರೆಸಿದಾರೆ. ಅರ್ಧ ಜಿರಳೆ ಬಟ್ಟೆಗೆ ಬಂದ್ಬಿಟ್ಟಿದೆ. ಪಾಪ, ಅಳೋದೊಂದು ಬಾಕಿ. ನಾಳೆ ನಮ್ಮ ಪ್ರಾಣಿಶಾಸ್ತ್ರದ ಮೇಡಂ ನಿನಗೆ ಸನ್ಮಾನ ಮಾಡುವಾಗ ಇದೇ ಪುಟ ತೆಗೆದು ತೋರಿಸ್ತಾರಂತೆ. ನಿನಗೆ ಮುಜುಗರ ಆಗಬಾರದಲ್ಲ..."

ಮುಜುಗರ!

ಆ ಪದ ಅವಳ ಕೆನ್ನೆಗೆ ಬಾರಿಸಿದಂತಾಯಿತು. ಅವಳು ಎದುರಿನ ಸ್ಟೂಲಿನ ಮೇಲೆ ಕುಸಿದು ಕುಳಿತಳು. ಅಂದೂ ಅವಳು ಕೂರುತ್ತಿದ್ದದ್ದು ಅದೇ ಸ್ಟೂಲಿನ ಮೇಲೆ.

ಅಂತಿಮ ವರ್ಷ ಅವಳ ಅಪ್ಪ ಎರಡು ತಿಂಗಳು ಆಸ್ಪತ್ರೆಯ ಹಾಸಿಗೆ ಹಿಡಿದಿದ್ದರು. ಅಪ್ಪನ ಕಾಲ ಬುಡದಲ್ಲಿ ಕುಳಿತವಳ ರೆಕಾರ್ಡ್ ಖಾಲಿಯೇ ಉಳಿದಿತ್ತು. ನಲವತ್ತು ಚಿತ್ರ! ಗೆರೆಯ ಒಳಗೆ ಪೆನ್ಸಿಲ್ ಉಜ್ಜಿ ನೆರಳು ಕೊಡುವಂತಿಲ್ಲ, ಚುಕ್ಕಿಯಿಂದಲೇ ತುಂಬಬೇಕು ಎನ್ನುವುದು ಮೇಡಂ ಅವರ ಕಟ್ಟಪ್ಪಣೆ. 'ನೀನು ಅಪ್ಪನ್ನ ನೋಡ್ಕೋ, ಜಿರಳೆನ ನಾನು ನೋಡ್ಕೋತೀನಿ' ಎಂದಿದ್ದ ಅವನು. ತರಗತಿಯೆಲ್ಲ ಅವನನ್ನು 'ಚುಕ್ಕಿರಾಯ' ಎಂದು ಛೇಡಿಸುತ್ತಿತ್ತು. ರಾತ್ರಿ ಆಸ್ಪತ್ರೆಯಿಂದ ಬಂದವಳು ಈ ಸ್ಟೂಲಿನ ಮೇಲೆ ಕುಳಿತು, ಮೇಜಿಗೆ ತಲೆಯಿಟ್ಟು, ಆ ಟಿಕ್ ಟಿಕ್ ಕೇಳುತ್ತಲೇ ನಿದ್ದೆ ಹೋಗುತ್ತಿದ್ದಳು.

ಪರೀಕ್ಷೆ ಮುಗಿದ ದಿನ ಅವನಿಗೆ ಒಂದು ಮಾತು ಹೇಳಬೇಕೆಂದು ಅವಳು ಎಷ್ಟು ಸಲ ಮನಸ್ಸಿನಲ್ಲೇ ಅಭ್ಯಾಸ ಮಾಡಿದ್ದಳು! 'ನೀನಿಲ್ಲದೆ ನನಗೆ ನಿದ್ದೆ ಬರಲ್ಲ ಕಣೋ...' ಇಷ್ಟೇ.

ಆ ದಿನ ಬರಲೇ ಇಲ್ಲ. ಹೊರಗಿನ ಪರೀಕ್ಷಕರು ಎರಡು ರೆಕಾರ್ಡುಗಳನ್ನು ಅಕ್ಕಪಕ್ಕ ಇಟ್ಟು, "ಎರಡೂ ಒಂದೇ ಕೈ" ಎಂದುಬಿಟ್ಟರು. ಅವಳದು ಅಚ್ಚುಕಟ್ಟು. ಕೊನೆಯ ಗಳಿಗೆಯಲ್ಲಿ ಬರೆದು ಮುಗಿಸಿದ ಅವನದು ಗಡಿಬಿಡಿ. ಮೇಡಂ ಅವಳನ್ನು ಪಕ್ಕಕ್ಕೆ ಕರೆದು, "ಯಾರು ಯಾರಿಗೆ ಬರೆದುಕೊಟ್ಟಿದ್ದು? ನಿಜ ಹೇಳಮ್ಮ" ಎಂದರು.

ಅಪ್ಪನ ಮುಖ, ಫೇಲಾದರೆ ಕೈತಪ್ಪುವ ಲ್ಯಾಬ್ ತರಬೇತಿಯ ಸೀಟು, ಅಮ್ಮನ ಮೌನ... ಎಲ್ಲ ಒಟ್ಟಿಗೆ ಕಣ್ಣ ಮುಂದೆ ಬಂದವು.

"ಅವನದ್ದು ನಾನೇ ಬರೆದುಕೊಟ್ಟೆ ಮೇಡಂ."

ಯಾರೋ ಬೇರೆಯವರು ತನ್ನ ಬಾಯಿಂದ ಮಾತಾಡಿದಂತಿತ್ತು! ಅವನನ್ನು ಕರೆಸಿದರು. ಅವನು ಅವಳನ್ನೊಮ್ಮೆ ನೋಡಿದ. ಆಮೇಲೆ ಮೇಡಂ ಕಡೆ ತಿರುಗಿ, "ಹೌದು ಮೇಡಂ" ಎಂದ.

ಅವಳಿಗೆ ಎಚ್ಚರಿಕೆ ಕೊಟ್ಟು ಬಿಟ್ಟರು, ಅವಳ ರೆಕಾರ್ಡ್ ಗಾಜಿನ ಪೆಟ್ಟಿಗೆ ಸೇರಿತು. ಅವನನ್ನು ಫೇಲ್ ಮಾಡಿದರು. ಅವನು ಮತ್ತೆ ಕಾಲೇಜಿನ ಕಡೆ ತಲೆ ಹಾಕಲಿಲ್ಲ. ಅಂಗಡಿಗಳಿಗೆ ಬೋರ್ಡ್ ಬರೆಯುವ ಕೆಲಸ ಹಿಡಿದನೆಂದು ಸುದ್ದಿ ತಂದವಳು ರೇಡಿಯೋ.

ಟಿಕ್... ಟಿಕ್...

"ನಿಲ್ಲಿಸು!"

ಅವನ ಕೈ ಗಾಳಿಯಲ್ಲೇ ನಿಂತಿತು.

"ಮತ್ತೆ ನನ್ನ ರೆಕಾರ್ಡ್ ನೀನೇ ಬರೀತಿದೀಯಲ್ಲೋ... ಅಷ್ಟೆಲ್ಲ ಆದ ಮೇಲೂ! ನಿನಗೆ ಕೋಪಾನೇ ಬರಲ್ವಾ?"

"ಬಂದಿತ್ತು. ಎರಡು ವರ್ಷ ಚೆನ್ನಾಗೇ ಬಂತು. ಆಮೇಲೆ ಬೋರ್ಡ್ ಕೆಲಸ ಜಾಸ್ತಿ ಆಯ್ತು, ಕೋಪಕ್ಕೆ ಪುರುಸೊತ್ತು ಸಿಗಲಿಲ್ಲ."

ಅವಳಿಗೆ ನಗು ಬರಲಿಲ್ಲ.

"ತಮಾಷೆ ಬೇಡ ಕಣೋ. ನಾನು ಸುಳ್ಳು ಹೇಳಿದೆ. ನಿನ್ನ ಓದು ಕಿತ್ಕೊಂಡೆ. ಒಂದು ಕಾಗದ ಬರೆಯೋ ಧೈರ್ಯಾನೂ ಬರಲಿಲ್ಲ ನನಗೆ. ಒಂದು ಸಲ ಬಂದಿದ್ದೆ... ನೀನು ಕೆಲಸ ಮಾಡೋ ಬೀದಿಗೆ. ನೀನು ಏಣಿ ಮೇಲಿದ್ದೆ. ಎದುರಿನ ಫುಟ್‌ಪಾತಲ್ಲಿ ಅರ್ಧ ಗಂಟೆ ನಿಂತೆ. ಹೆಸರು ಹಿಡಿದು ಕೂಗೋಕಾಗಲಿಲ್ಲ."

"ಹಳದಿ ಕೊಡೆ," ಎಂದ ಅವನು ಮೆಲ್ಲಗೆ.

ಅವಳು ಬೆಚ್ಚಿ ನೋಡಿದಳು. "ನೋಡಿದ್ಯಾ?"

"ಏಣಿ ಮೇಲಿಂದ ಎಲ್ಲ ಕಾಣುತ್ತೆ ಇಣುಕಿ. ಔಷಧಿ ಅಂಗಡಿ ಬೋರ್ಡ್ ಅದು. ಒಂದೇ ಅಕ್ಷರಕ್ಕೆ ಅರ್ಧ ಗಂಟೆ ಬಣ್ಣ ಹಚ್ಚಿದೀನಿ. ಮಾಲೀಕ ಬೈದ."

"ಮತ್ತೆ ಯಾಕೆ ಇಳಿದು ಬರಲಿಲ್ಲ?"

ಅವನು ಪೆನ್ಸಿಲ್ಲನ್ನು ಬೆರಳ ಸಂದಿಯಲ್ಲಿ ತಿರುಗಿಸುತ್ತ ಕುಳಿತ. ಈಗ ಕಣ್ಣು ತಪ್ಪಿಸಿದ್ದು ಅವನು.

"ಹರಿದ ಬನಿಯನ್, ಮೈಯೆಲ್ಲ ಬಣ್ಣ. ಇವನು ಎಲ್ಲಿಗೆ ಬಂದು ಬಿದ್ದ ಅಂತ ನೋಡೋಕೆ ಬಂದಿದೀಯ ಅಂದ್ಕೊಂಡೆ. ನಾಚಿಕೆ ಆಯ್ತು. ನೀನು ಹೊರಟು ಹೋದ್ಮೇಲೆ ಇಳಿದು ಬಸ್ ನಿಲ್ದಾಣದವರೆಗೂ ಓಡಿದೆ... ಬಸ್ಸು ಹೋಗಿತ್ತು."

ಗಾಜಿನ ಜಾಡಿಯ ಕಪ್ಪೆ ಇಬ್ಬರನ್ನೂ ಮಿಕಿಮಿಕಿ ನೋಡುತ್ತಿತ್ತು.

ಇಷ್ಟು ವರ್ಷ ಅವಳು ತನ್ನೊಬ್ಬಳ ಅವಮಾನವನ್ನೇ ಮಡಿಲಲ್ಲಿ ಕಟ್ಟಿಕೊಂಡು ತಿರುಗಿದ್ದಳು. ಮದುವೆಯ ಮಾತು ಬಂದಾಗಲೆಲ್ಲ ಅಮ್ಮನ ಮುಂದೆ ಏನೋ ಒಂದು ನೆಪ. ಈ ಮನುಷ್ಯನೂ ತನ್ನ ಪಾಲಿನದನ್ನು ಏಣಿಯ ಮೇಲೆ ಹೊತ್ತು ಹತ್ತಿ ಇಳಿಯುತ್ತಿದ್ದಾನೆಂದು ಅವಳಿಗೆ ಹೊಳೆದಿರಲೇ ಇಲ್ಲ.

"ನಿನಗೆ... ಮನೆ, ಸಂಸಾರ?" ಕೇಳಲೋ ಬೇಡವೋ ಎಂಬಂತೆ ಕೇಳಿದಳು.

"ಆಗಿತ್ತು. ಎರಡು ವರ್ಷ. ನನ್ನ ಮೌನದ ಜೊತೆ ಬಾಳೋಕಾಗಲ್ಲ ಅಂದ್ಲು, ನ್ಯಾಯವಾದ ಮಾತು. ಈಗ ಬೇರೆ ಮದುವೆಯಾಗಿ ಚೆನ್ನಾಗಿದಾಳೆ. ಅವಳ ಗಂಡನ ಅಂಗಡಿ ಬೋರ್ಡೂ ನಾನೇ ಬರೆದಿದ್ದು."

ಈ ಸಲ ಅವಳಿಗೆ ನಗು ಬಂದೇಬಿಟ್ಟಿತು. ನಗುವಿನ ಬೆನ್ನಿಗೇ ಕಣ್ಣೀರು. ಅವನು ಹೊಸ ಚುಕ್ಕಿ ಇಡಲು ಬಾಗಿದ. ಅವಳು ಕೈ ಚಾಚಿ ಪೆನ್ಸಿಲ್ ಹಿಡಿದುಕೊಂಡಳು.

"ಕೊಡು ಇಲ್ಲಿ."

"ಏನು ಮಾಡ್ತೀಯ?"

"ನೀನು ಇಟ್ಟಿರೋ ನಾಲ್ಕು ಚುಕ್ಕಿ ಅಳಿಸ್ತೀನಿ. ಬಲಗಡೆ ನಾನು ಬರೀತೀನಿ."

"ಹುಚ್ಚಿ! ನಿನಗೆ ನೆಟ್ಟಗೆ ಗೆರೆ ಎಳೆಯೋಕೆ ಬರಲ್ಲ. ನಾಳೆ ಎಲ್ಲರಿಗೂ ಗೊತ್ತಾಗುತ್ತೆ."

"ಗೊತ್ತಾಗಲಿ."

ಅವನಿಗೆ ಅರ್ಥವಾಗಲು ಒಂದು ಗಳಿಗೆ ಬೇಕಾಯಿತು. ಅರ್ಥವಾದ ಮೇಲೆ, "ಬೇಡ ಕಣೇ. ನಿನ್ನ ಮರ್ಯಾದೆ..." ಎಂದ.

"ಅದು ನಿನ್ನದು. ನಾನು ಇಟ್ಕೊಂಡಿದ್ದೆ, ಅಷ್ಟೇ."

ಒಂದು ಗಂಟೆ ಹಿಡಿಯಿತು. ದವಡೆ ಸೌತೆಕಾಯಿಯಂತಾಯಿತು. ಮೀಸೆ ಎಲ್ಲಿಂದಲೋ ಹೊರಟು ಎಲ್ಲಿಗೋ ಹೋಯಿತು. ಅವನು ಮೊಬೈಲಿನ ಬೆಳಕು ಹಿಡಿದು, ತುಟಿ ಕಚ್ಚಿಕೊಂಡು ನಗು ತಡೆದ. ಒಮ್ಮೆಯೂ ಅವಳ ಕೈ ಹಿಡಿದು ತಿದ್ದಲಿಲ್ಲ. ಹಾಗೆ ತಿದ್ದದೆ ಕುಳಿತದ್ದಕ್ಕೇ ಅವನ ಮೇಲೆ ಮತ್ತಷ್ಟು ಪ್ರೀತಿ ಉಕ್ಕಿತು ಅವಳಿಗೆ.

ಕೊನೆಯ ಚುಕ್ಕಿ ಇಟ್ಟು, ತಲೆ ತಗ್ಗಿಸಿಯೇ ಹೇಳಿದಳು, "ಪರೀಕ್ಷೆ ಮುಗಿದ ದಿನ ನಿನಗೊಂದು ಮಾತು ಹೇಳಬೇಕಿತ್ತು."

"ಹೇಳು."

"ನೀನಿಲ್ಲದೆ... ನನಗೆ ನಿದ್ದೆ ಬರಲ್ಲ ಕಣೋ."

ಅವನು ಮೊಬೈಲನ್ನು ಮತ್ತೆ ಜಾಡಿಗೆ ಒರಗಿಸಿಟ್ಟ. ಆಮೇಲೆ ಅವಳ ಎಡಗೈಯನ್ನು ಮೆಲ್ಲಗೆ ತನ್ನತ್ತ ಎಳೆದುಕೊಂಡ. ಕೈಗಡಿಯಾರದ ಪಟ್ಟಿಯನ್ನು ಸ್ವಲ್ಪ ಸರಿಸಿ, ನಾಡಿ ಮಿಡಿಯುವಲ್ಲಿ ಪೆನ್ಸಿಲ್ಲಿನ ತುದಿಯಿಂದ ಒಂದೇ ಒಂದು ಚುಕ್ಕಿ ಇಟ್ಟ.

"ಚಿತ್ರ ಇಲ್ಲಿಂದ ಶುರು," ಎಂದ. "ಈ ಸಲ ಅರ್ಧದಲ್ಲಿ ಬಿಟ್ಟು ಓಡೋ ಹಾಗಿಲ್ಲ. ನೀನೂ, ನಾನೂ."

ಅವಳು ಅವನ ಬಣ್ಣದ ಬೆರಳುಗಳಿಗೆ ಹಣೆ ಹಚ್ಚಿ ಬಿಕ್ಕಳಿಸಿದಳು.

* * *

ಬೆಳಿಗ್ಗೆ ಸಭಾಂಗಣ ತುಂಬಿತ್ತು. ಕೋಲೂರಿಕೊಂಡು ವೇದಿಕೆ ಹತ್ತಿದ ಮೇಡಂ, "ಇಪ್ಪತ್ತೆರಡು ವರ್ಷ ಮಕ್ಕಳಿಗೆ ಇದನ್ನೇ ತೋರಿಸಿ ಪಾಠ ಮಾಡಿದೀವಿ," ಎನ್ನುತ್ತ ಪುಟ ತೆರೆದರು. ಕನ್ನಡಕ ಸರಿಮಾಡಿಕೊಂಡರು. ಹುಬ್ಬು ಗಂಟಿಕ್ಕಿತು.

"ಇದೇನಿದು! ಯಾರು ಈ ಪುಟ ಕೆಡಿಸಿದ್ದು?"

ಅವಳು ಕುರ್ಚಿಯಿಂದ ಎದ್ದಳು. ಮೈಕಿನ ಮುಂದೆ ನಿಂತಳು.

"ನಾನು ಮೇಡಂ. ಬಲಗಡೆಯದು ನಿನ್ನೆ ರಾತ್ರಿ ನಾನು ಬರೆದದ್ದು. ಈ ಪುಸ್ತಕದಲ್ಲಿ ನಾನು ಬರೆದದ್ದು ಅದೊಂದೇ."

ಯಾರೋ ಕಿಸಕ್ಕೆಂದರು. ಅವಳು ಎಲ್ಲ ಹೇಳಿದಳು. ಅಪ್ಪನ ಕಾಯಿಲೆಯನ್ನು ನೆಪವಾಗಿ ಮುಂದಿಡಲಿಲ್ಲ. ಹೇಳಿದ ಸುಳ್ಳನ್ನು ಹೇಳಿದ ಹಾಗೆಯೇ ಒಪ್ಪಿಸಿದಳು. ಮುಂದಿನ ಸಾಲಿನಲ್ಲಿ ಒಬ್ಬಳು ಮುಖ ತಿರುಗಿಸಿದಳು. 'ಛೇ' ಎಂದ ದನಿಯೊಂದು ಕೇಳಿಸಿತು. ಕಿವಿ ಸುಟ್ಟುಹೋಗುವಷ್ಟು ಬಿಸಿಯಾಯಿತು. ಆದರೂ ಅವಳು ನಿಂತೇ ಇದ್ದಳು.

ಮೇಡಂ ಕೈಯಲ್ಲಿದ್ದ ಸ್ಮರಣಿಕೆಯನ್ನು ಮೇಜಿನ ಮೇಲಿಟ್ಟರು. ಅವರ ಮುಖ ಬಾಡಿತ್ತು.

"ಇದನ್ನ ನಿನಗೆ ಕೊಡೋಕಾಗಲ್ಲಮ್ಮ."

"ಗೊತ್ತು ಮೇಡಂ."

"ಅಂದು ಅವನನ್ನ ಎರಡನೇ ಮಾತು ಕೇಳಲಿಲ್ಲ ನಾನು," ಎಂದರು ಮೇಡಂ, ತಮಗೆ ತಾವೇ ಹೇಳಿಕೊಳ್ಳುವಂತೆ. "ಎಲ್ಲಿದಾನೆ ಅವನು?"

ಅವನು ಸಭಾಂಗಣದ ಹಿಂಭಾಗದಲ್ಲಿದ್ದ. ಬ್ಯಾನರಿನ ಬಿಚ್ಚಿದ ಮೂಲೆಯೊಂದನ್ನು ಕಟ್ಟುವ ನೆಪದಲ್ಲಿ ಏಣಿಯ ಮೇಲೆ.

ಅಂದು ಬೀದಿಯಲ್ಲಿ ಹೊರಡದ ದನಿ ಈಗ ಮೈಕಿನಲ್ಲಿ ಸಭಾಂಗಣವಿಡೀ ಮೊಳಗಿತು.

"ಚುಕ್ಕಿರಾಯ! ಕೆಳಗಿಳಿಯೋ!"

ಎಲ್ಲರ ತಲೆ ಹಿಂದಕ್ಕೆ ತಿರುಗಿತು. ಅವನು ಒಂದೊಂದೇ ಮೆಟ್ಟಿಲು ಇಳಿದ. ಅಂಗಿಯ ತುಂಬ ಬಣ್ಣ. ಈ ಸಲ ಅದನ್ನು ಮರೆಮಾಡಿಕೊಳ್ಳಲಿಲ್ಲ. ಮೊದಲು ಚಪ್ಪಾಳೆ ತಟ್ಟಿದವರು ಮೂಲೆಯಲ್ಲಿ ನಿಂತಿದ್ದ ಅಟೆಂಡರ್ ತಾತ.

ಸಭೆ ಮುಗಿದ ಮೇಲೆ ಜಗಲಿಯಲ್ಲಿ ಅವನು ಹತ್ತಿರ ಬಂದ.

"ನಾಚಿಕೆ ಆಗ್ತಿದೆಯಾ?"

"ತುಂಬಾ."

"ಇರಲಿ ಬಿಡು. ಹಂಚಿಕೊಂಡರೆ ಅರ್ಧ ಆಗುತ್ತೆ. ಸಂಜೆ ಬಸ್ಸಿಗೆ ಬಿಡೋಕೆ ಬರ್ತೀನಿ."

"ಬಿಡೋಕೆ ಬೇಡ. ಹತ್ತೋಕೆ ಬಾ. ಅಮ್ಮ ನಿನ್ನನ್ನ ನೋಡಬೇಕು."

ಅವನು ನಕ್ಕು ಏಣಿ ಹೊತ್ತುಕೊಂಡು ಹೋದ. ಅಷ್ಟರಲ್ಲಿ ಹಿಂದಿನಿಂದ ಓಡಿಬಂದ ರೇಡಿಯೋ ಅವಳ ತೋಳು ಹಿಡಿದಳು.

"ಏಯ್ ನಿಲ್ಲೇ! ವೇದಿಕೆ ಮೇಲೆ ಹೇಳಿದ್ದೆಲ್ಲ ಕೇಳಿಸ್ಕೊಂಡೆ. ನನಗೂ ಮುಚ್ಚಿಟ್ಟಿದ್ಯಲ್ಲ, ಅದಕ್ಕೆ ಆಮೇಲೆ ಜಗಳ ಆಡ್ತೀನಿ. ಈಗ ಇದು ಹೇಳು, ರಾತ್ರಿ ಎರಡು ಗಂಟೆಗೆ ನಿನ್ನ ಹಾಸಿಗೆ ಖಾಲಿ ಇತ್ತು. ಒಂದು ಜಿರಳೆ ಬರೆಯೋಕೆ ಅಷ್ಟು ಹೊತ್ತಾ? ಮತ್ತೇನಾಯ್ತು?"

ಅವಳ ಬೆರಳು ತಾನಾಗಿಯೇ ಕೈಗಡಿಯಾರದ ಪಟ್ಟಿಯ ಮೇಲೆ ಹೋಯಿತು. ಬೆಳಿಗ್ಗೆ ಮುಖ ತೊಳೆಯುವಾಗಲೂ ಆ ಕೈಯನ್ನು ನೀರಿಗೊಡ್ಡಿರಲಿಲ್ಲ. ಮುಚ್ಚಿಡಬಾರದ್ದನ್ನೆಲ್ಲ ಊರ ಮುಂದೆ ಬಿಚ್ಚಿಟ್ಟಾಗಿತ್ತು. ಆದರೆ ಆ ಪಟ್ಟಿಯ ಕೆಳಗಿರುವುದನ್ನು ಮಾತ್ರ ಯಾರಿಗೂ ಹೇಳುವುದಿಲ್ಲ... ರೇಡಿಯೋಗೂ ಇಲ್ಲ, ಅಮ್ಮನಿಗೂ ಇಲ್ಲ.

"ಇನ್ನೇನಿಲ್ಲ ಕಣೇ," ಎಂದಳು. "ಜಿರಳೆ ಮೀಸೆ ತುಂಬ ಉದ್ದ."