ಗಲ್ಫ್ ಮಾತ್ರೆಯ ಪರಿಮಳ

ಬೂತಾಯಿ ಮೀನಿನ ತಲೆ ಕೊಯ್ಯುತ್ತಿದ್ದೆ. ನನ್ನ ಕುತ್ತಿಗೆಗೆ ಚೂರಿ ಬಂತು!

"ವಿನಿತಾ ಆಂಟಿಯ ಕೇಸ್ ಬಿಡಿ..."

ಎಲ್ರೊಯ್! ಹೆಗಲಲ್ಲಿ ದೊಡ್ಡ ಬ್ಯಾಗ್. ಕುಲಶೇಖರದಲ್ಲಿ ಮನೆಮನೆಗೆ 'ದುಬೈ ಮಾತ್ರೆ' ಮಾರುವವ.

ನಾನು ಅಲುಗಲಿಲ್ಲ. ಪತ್ತೇದಾರಿಯಲ್ಲಿ ಅವಸರ ಮಾಡಬಾರದು. ಮೀನು ಕ್ಲೀನ್ ಮಾಡುವಾಗಲೂ.

"ಚೂರಿ ಮೊಂಡು ಉಂಟು ಮಾರಾಯ."

"ಎಂತ?"

"ಇದರಲ್ಲಿ ಬೂತಾಯಿಯೂ ತುಂಡಾಗ್ಲಿಕ್ಕಿಲ್ಲ. ಬೇಕಾದ್ರೆ ನೋಡು."

ಪಾಪ, ನೋಡಿದ! ಬಗ್ಗಿ ಮೀನಿಗೆ ಚೂರಿ ಒತ್ತಿದ.

ಮೀನು ತೊಳೆದ ನೀರು ಪೂರಾ ಅವನ ತಲೆಗೆ ಸುರಿದೆ!

ಸ್ಕೂಟರ್ ಹತ್ತಿ ಓಡಿದ. ಅಷ್ಟರಲ್ಲಿ ಗೇಟಿನ ಎದುರು ರಿಕ್ಷಾ. ಒಳಗೆ ನನ್ನ ಕ್ಲೈಂಟ್ ವಿನಿತಾ. ಪಕ್ಕದಲ್ಲಿ ಗಂಡ ಜೋನ್. ಮೂರು ತಿಂಗಳಿಂದ ಇವರು ಎಲ್ರೊಯ್‌ನ ಮಾತ್ರೆ ನುಂಗುತ್ತಾ ಇದ್ದಾರೆ. ಬಿಪಿ ಇನ್ನೂರರಿಂದ ಇಳಿಯುವುದಿಲ್ಲ. ಹೀಗೇ ಆದರೆ ಒಂದು ದಿನ ಬೀಳ್ತೀರಿ ಅಂತ ಡಾಕ್ಟರು ಹೇಳಿಯಾಗಿತ್ತು. ಮಾತ್ರೆ ಅಸಲಾ ನಕಲಿಯಾ, ಅದೇ ನನ್ನ ಕೇಸ್.

ಹತ್ತಿ ಕೂತೆ. "ಆ ಸ್ಕೂಟರ್... ಬಿಡಬೇಡ!"

"ಅವನು ಒಳ್ಳೆ ಹುಡುಗ, ನಳಿನಕ್ಕ!" ಜೋನ್ ಬೊಬ್ಬೆ ಹಾಕಿದರು.

"ಸರಕಾರದ ಅಂಗಡಿಯಲ್ಲಿ ಇದೇ ಮದ್ದು ಕಮ್ಮಿಗೆ ಸಿಗ್ತದೆ, ಜೋನ್ ಪೊರ್ಬುಗಳೇ."

"ಅಷ್ಟು ಕಮ್ಮಿಗೆ ಮಣ್ಣು ಸಿಗಬೇಕಷ್ಟೆ! ಇದು ಫಾರಿನ್. ಮೂಗಿಗೇ ಗೊತ್ತಾಗ್ತದೆ!"

"ಇವರ ಮೂಗಿನಿಂದ ನಾನು ವಿಧವೆ ಆಗ್ತೇನೆ!" ವಿನಿತಾ ಹಣೆ ಚಚ್ಚಿಕೊಂಡಳು.

ಹೈವೇಯಲ್ಲಿ ಸ್ಕೂಟರ್ ಹಾರಿತು. ರಿಕ್ಷಾವೂ ಹಾರಿತು. ಲಾರಿ, ಬಸ್ಸು, ಟ್ಯಾಂಕರ್... ಪ್ರಾಣ ಬಾಯಿಗೆ ಬಂತು!

ಕೂಳೂರು ಸೇತುವೆ. ಬ್ಲಾಕ್!

ಅವನೂ ನಿಂತ. ನಾವೂ ನಿಂತೆವು. ಇಡೀ ಊರೇ ನಿಂತಿತು.

ನಾನು ಇಳಿದು ನಡೆದೆ. ಸೊಂಟ ನೋವು. ನಿಧಾನ... ಆದರೂ ಹೆದ್ದಾರಿಯಲ್ಲಿ ಆಗ ಅತಿ ವೇಗದ ವಾಹನ ನಾನೇ!

ಅವನ ಸ್ಕೂಟರಿನ ಕೀ ಎಳೆದೆ. "ಬ್ಯಾಗ್ ಕೊಡು."

"ಹೊಳೆಗೆ ಬಿಸಾಡ್ತೇನೆ!"

"ಬಿಸಾಡು. ಮೀನಿಗೆ ಬಿಪಿ ಉಂಟಾ ಕೇಳುವ."

ಅವನು ಯೋಚನೆ ಮಾಡಿದ. ಅದೇ ತಪ್ಪು! ಹಿಂದಿನಿಂದ ವಿನಿತಾ ಬ್ಯಾಗ್ ಎಳೆದಳು. ಜಿಪ್ ಹರಿಯಿತು. ಪರಿಮಳ ಘಮ್ಮೆಂದಿತು!

ಗಲ್ಫಿನಿಂದ ಬಂದ ಪೆಟ್ಟಿಗೆ ಹೇಗಿರ್ತದೆ ನಿಮಗೆ ಗೊತ್ತುಂಟಲ್ಲ? ಸೋಪು, ಸೆಂಟು, ಮಾತ್ರೆ ಎಲ್ಲ ಒಟ್ಟಿಗೆ. ಚಾಕಲೇಟಿಗೂ ಸೋಪಿನದ್ದೇ ಪರಿಮಳ. ನಮ್ಮವರಿಗೆ ಅದೇ ಗ್ಯಾರಂಟಿ ಕಾರ್ಡ್!

ಜೋನ್ ಬಂದರು. ಮಾತ್ರೆಗಳ ನಡುವಿನಿಂದ ಸೋಪು ಎತ್ತಿದರು. ಮೂಸಿದರು. ಮುಖ ಬಿಳಿಚಿತು.

"ಇದು... ನಮ್ಮ ಊರಿನ ಗಂಧದ ಸೋಪು! ಕುವೈಟಿನಲ್ಲಿ ಕೆಲಸಕ್ಕಿದ್ದಾಗ ನಾನು ಇಲ್ಲಿಂದ ಕೊಂಡೋಗ್ತಿದ್ದದ್ದು! ಅಲ್ಲಿಂದ ಯಾರಾದ್ರೂ ತರ್ತಾರಾ ಇದನ್ನು?"

"ಅಂಕಲ್... ಎಲ್ಲರೂ ಮೂಸಿಯೇ ತಗೊಳ್ತಾರೆ. ಅದಕ್ಕೆ ಇಟ್ಟೆ..."

"ಮಾತ್ರೆ?"

"ಚಾಕ್ ಪುಡಿ..."

ಡಾಕ್ಟರು ಹೇಳಿದಾಗ ನಂಬದ ಮನುಷ್ಯ ಸೋಪು ಹೇಳಿದಾಗ ನಂಬಿದರು!

ಎಲ್ರೊಯ್ ಸ್ಟೇಷನ್ನಿಗೆ. ಜೋನ್ ಡಾಕ್ಟರ ಹತ್ತಿರ, ಅಲ್ಲಿಂದ ಸೀದಾ ಸರಕಾರದ ಮದ್ದಿನಂಗಡಿಗೆ. ಅಲ್ಲೇ ನಿಂತು ಮೊದಲ ಮಾತ್ರೆ ನುಂಗಿದರು. ಮೂಸದೆ!

ಆಗ ವಿನಿತಾ ಪರ್ಸಿನಿಂದ ಮುದುಡಿದ ಲಕೋಟೆ ತೆಗೆದಳು. ಔಷಧ ನಿಯಂತ್ರಣ ಇಲಾಖೆಗೆ ದೂರು. ಬರೆದು ತಿಂಗಳುಗಳಾಗಿದ್ದವು. ನಮ್ಮ ಇಗರ್ಜಿಗೆ ಪ್ರಾರ್ಥನೆಗೆ ಬರುವ ಹುಡುಗ, ಪಾಪ ಅಂತ ಜೋನ್ ಸಹಿ ಹಾಕಿರಲಿಲ್ಲ. ಈಗ ನನ್ನ ಬೆನ್ನಿನ ಮೇಲೆ ಇಟ್ಟು ಹಾಕಿದರು.

ಕೆಂಪು ಅಂಚೆ ಡಬ್ಬಿಯ ಎದುರು ಪುನಃ ಜೋನ್ ಅವರ ಕೈ ನಿಂತಿತು.

"ಇದು ಹೋಗಿ ಮುಟ್ತದಾ ನಳಿನಕ್ಕ? ಸರಕಾರದ ಡಬ್ಬಿ ಅಲ್ವಾ..."

"ಹಾಕಿ ಪೊರ್ಬುಗಳೇ. ಈಗ ನಿಮ್ಮ ಹೊಟ್ಟೆಯೊಳಗೆ ಉಂಟಲ್ಲ, ಅದೂ ಸರಕಾರದ್ದೇ!"